ಒಂಬತ್ತು ಹಳೇ ಯಂತ್ರಗಳ ಎಣ್ಣೆನೀರು

ಜಗದಾಂಬಾ ಅವರ ಎದುರು ನಿಂತು "ಇದು ಹಳೇದಾಯ್ತು, ಬಿಸಾಕಿ" ಎಂದು ಹೇಳುವ ಧೈರ್ಯ ಭದ್ರಾವತಿಯ ಜನ್ನಾಪುರದಲ್ಲಿ ಬಹಳ ಜನರಿಗಿಲ್ಲ. ಹೇಳಿದವರು ಇದ್ದಾರೆ, ಆಮೇಲೆ ಅರ್ಧ ಗಂಟೆ ನಿಂತು ಕೇಳಿಸಿಕೊಂಡಿದ್ದಾರೆ. ಐವತ್ತೇಳು ವರ್ಷದ, ಕುಳ್ಳಗಿನ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವ ಈ ಹೆಂಗಸು ಮಾತಿಗೆ ನಿಂತರೆ ಎದುರಿನವರು ಒರಗಿಕೊಳ್ಳಲು ಗೋಡೆ ಹುಡುಕುತ್ತಾರೆ.

ಅವರು ನಡೆಸುವುದು ಕನ್ನಡ ಟೈಪಿಂಗ್ ಇನ್‌ಸ್ಟಿಟ್ಯೂಟ್. ಮನೆಯ ಮುಂಭಾಗದ ಉದ್ದನೆಯ ಕೋಣೆ, ಒಂಬತ್ತು ಕಂಪ್ಯೂಟರ್, ನಲವತ್ತಾರು ವಿದ್ಯಾರ್ಥಿನಿಯರು. ಶಿವಮೊಗ್ಗದ ಕಾಲೇಜೊಂದು ತನಗೆ ಬೇಡವೆಂದು ಹೊರಗಿಟ್ಟಿದ್ದ ಯಂತ್ರಗಳನ್ನು ಕೊಂಡು ತಂದದ್ದು. ಒಂಬತ್ತಕ್ಕೂ ಹೊಳೆಗಳ ಹೆಸರು: ತುಂಗಾ, ಭದ್ರಾ, ಶರಾವತಿ, ವರದಾ, ಚಕ್ರಾ, ಹೀಗೆ. "ನಾಲ್ಕನೇ ನಂಬರಿನಲ್ಲಿ ಕೂತ್ಕೋ" ಎಂದರೆ ಹುಡುಗಿಯರು ಮರೆಯುತ್ತಾರೆ, "ವರದಾ ಹತ್ರ ಹೋಗು" ಎಂದರೆ ಮರೆಯುವುದಿಲ್ಲ ಎಂಬುದು ಜಗದಾಂಬಾ ಅವರ ವಾದ. ಇಷ್ಟೇ ಆಗಿದ್ದರೆ ಇದೊಂದು ಸಾಮಾನ್ಯ ಟೈಪಿಂಗ್ ಕ್ಲಾಸ್. ಆದರೆ ಆ ಕೋಣೆ ಪರೀಕ್ಷಾ ಕೇಂದ್ರವೂ ಹೌದು. ಊರಿಗೆಲ್ಲ ಇರುವುದು ಅದೊಂದೇ.

ಆ ಮಾನ್ಯತೆ ಸುಮ್ಮನೆ ಬಂದದ್ದಲ್ಲ. ಜಗದಾಂಬಾ ಹತ್ತೊಂಬತ್ತು ವರ್ಷದವರಿದ್ದಾಗ ಟೈಪಿಂಗ್ ಪರೀಕ್ಷೆ ಬರೆಯಲು ಶಿವಮೊಗ್ಗಕ್ಕೇ ಹೋಗಬೇಕಿತ್ತು. ಆಗ ಕಲಿಸಿದವರೇ ಟೈಪ್‌ರೈಟರುಗಳನ್ನು ಟೆಂಪೋಗೆ ಹೇರಿ ಪರೀಕ್ಷೆಯ ಹಾಲಿಗೆ ಸಾಗಿಸುತ್ತಿದ್ದರು. ದಾರಿಯಲ್ಲಿ ಕುಲುಕಾಡಿದ ಯಂತ್ರ ಹಾಲಿಗೆ ಬಂದ ಮೇಲೆ ಮುಷ್ಕರ ಹೂಡಿತು. ಬೇರೆ ಯಾರದೋ ಯಂತ್ರ ಕೊಟ್ಟರು. ಅದರ ಕೀಲಿಗಳು ಎಷ್ಟು ಬಿಗಿ ಇದ್ದವೆಂದರೆ ಹುಡುಗಿಯ ಕಿರುಬೆರಳು ಸೋತೇ ಹೋಯಿತು. ನಪಾಸು. ಮನೆಯಲ್ಲಿ ಮತ್ತೊಂದು ಸಲ ಕಳಿಸಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದ ಸಿಟ್ಟು ಅವರಿಗೆ ಇಂದಿಗೂ ಇಳಿದಿಲ್ಲ. ಈ ಊರಿನ ಹುಡುಗಿಯರು ಕಲಿತ ಯಂತ್ರದ ಮುಂದೆಯೇ ಕೂತು ಪರೀಕ್ಷೆ ಬರೆಯಬೇಕು ಎಂದು ಹಟ ಹಿಡಿದು, ಹನ್ನೊಂದು ವರ್ಷ ಅರ್ಜಿ ಹಾಕಿ, ಕೊನೆಗೆ ಕೇಂದ್ರ ಪಡೆದರು.

ಅಂಥ ಕೇಂದ್ರಕ್ಕೆ 2025ರ ಆಗಸ್ಟ್ ತಿಂಗಳಲ್ಲಿ ಪರೀಕ್ಷಾ ಮಂಡಳಿಯಿಂದ ಸುತ್ತೋಲೆ ಬಂತು. ಕೇಂದ್ರದಲ್ಲಿ ಕನಿಷ್ಠ ಎಂಟು ಯಂತ್ರ ಇರತಕ್ಕದ್ದು, ಎಲ್ಲವೂ ಭದ್ರತಾ ಅಪ್‌ಡೇಟ್ ಪಡೆಯುತ್ತಿರತಕ್ಕದ್ದು, ನವೆಂಬರಿನಲ್ಲಿ ತಪಾಸಣೆ, ಇಲ್ಲವಾದಲ್ಲಿ ಮಾನ್ಯತೆ ರದ್ದು. ಜಗದಾಂಬಾ ಅವರ ಒಂಬತ್ತೂ ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ ಹತ್ತು. ಅಕ್ಟೋಬರ್ ಹದಿನಾಲ್ಕಕ್ಕೆ ಅದರ ಆಯಸ್ಸು ಮುಗಿಯುತ್ತದೆಂದು ಕಂಪನಿ ಯಾವತ್ತೋ ಹೇಳಿಬಿಟ್ಟಿತ್ತು. ವಿಂಡೋಸ್ ಹನ್ನೊಂದು ಹಾಕೋಣವೆಂದರೆ ಈ ಮುದಿ ಯಂತ್ರಗಳಿಗೆ ಅದು ಕೂರುವುದಿಲ್ಲ.

ಆಯಸ್ಸು ಮುಗಿಯುವುದೆಂದರೆ ಯಂತ್ರ ನಿಂತುಹೋಗುವುದಿಲ್ಲ. ಕಳ್ಳರು ದಿನಾ ಒಂದು ಹೊಸ ಕಿಂಡಿ ಹುಡುಕುತ್ತಾರೆ, ಕಂಪನಿ ತಿಂಗಳಿಗೊಮ್ಮೆ ಬಂದು ಕಿಂಡಿ ಮುಚ್ಚುತ್ತದೆ. ಇನ್ನು ಮುಂದೆ ಮುಚ್ಚಲು ಯಾರೂ ಬರುವುದಿಲ್ಲ, ಅಷ್ಟೇ. ಊರಿನ ಜಾಣರೆಲ್ಲ ಆ ಯಂತ್ರಗಳಿಗೆ ಎಳ್ಳುನೀರು ಬಿಟ್ಟರು. ಜಗದಾಂಬಾ ಮಾತ್ರ ಕನ್ನಡಕ ಕೆಳಗಿಳಿಸಿ, ಫೋನಿನಲ್ಲಿ ನಾಲ್ಕು ದಿನ ಓದಿ, ಒಂದು ಸಂಗತಿ ಹೆಕ್ಕಿ ತೆಗೆದರು. ಹೆಸರು ನೋಂದಾಯಿಸಿಕೊಂಡ ಹಳೇ ಯಂತ್ರಗಳಿಗೆ ಇನ್ನೂ ಒಂದು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ. ಹೊಸ ಸೊಬಗು, ಹೊಸ ಬಣ್ಣ ಏನೂ ಇಲ್ಲ. ಕಿಂಡಿ ಮುಚ್ಚುವ ಕೆಲಸ ಮಾತ್ರ. ಅವರಿಗೆ ಬೇಕಾಗಿದ್ದದ್ದೂ ಅಷ್ಟೇ. ಆದರೆ ಒಂದು ಷರತ್ತಿತ್ತು: ಹಿಂದಿನ ಅಪ್‌ಡೇಟ್‌ಗಳೆಲ್ಲ ಮೊದಲು ಹಾಕಿರಬೇಕು.

ಅಲ್ಲಿಗೆ ಅವರ ಮುಖ ಸಣ್ಣದಾಯಿತು. ಏಕೆಂದರೆ ಆರು ವರ್ಷದ ಹಿಂದೆ ಒಂಬತ್ತೂ ಯಂತ್ರಗಳ ಅಪ್‌ಡೇಟನ್ನು ತಮ್ಮ ಕೈಯಾರೆ ನಿಲ್ಲಿಸಿದವರು ಅವರೇ. ಪರೀಕ್ಷೆಯ ಮಧ್ಯೆ ಶರಾವತಿ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗಿ, ಒಬ್ಬ ಹುಡುಗಿಯ ಮುಕ್ಕಾಲು ಪುಟ ನುಂಗಿತ್ತು. ಆ ಹುಡುಗಿ ಅತ್ತದ್ದು ನೋಡಲಾರದೆ, ಇನ್ನು ಈ ಪೀಡೆಯೇ ಬೇಡವೆಂದು ಎಲ್ಲ ಬಂದ್ ಮಾಡಿದರು. ಹುಡುಗಿಯರನ್ನು ಕಾಪಾಡಿದೆ ಎಂದು ಬೀಗುತ್ತಿದ್ದ ಹೆಂಗಸು, ಆರು ವರ್ಷ ಬಾಗಿಲು ತೆರೆದಿಟ್ಟು ಮಲಗಿದ್ದೆ ಎಂದು ತಿಳಿದಾಗ ನಾಚಿಕೊಂಡರು. ತಪ್ಪು ತನ್ನದೇ ಎಂದು ತರಗತಿಯಲ್ಲಿ ಎಲ್ಲರೆದುರು ಹೇಳಿದರು. ಮೇಡಂ ತಪ್ಪು ಒಪ್ಪಿಕೊಂಡದ್ದನ್ನು ಹುಡುಗಿಯರು ಕಂಡದ್ದು ಅದೇ ಮೊದಲು.

ಬಾಕಿ ಅಪ್‌ಡೇಟ್ ಹಾಕಲು ದಸರಾ ರಜೆಯೇ ಸರಿಯಾದ ಸಮಯ. ಏಳು ಯಂತ್ರಗಳದು ಮುಗಿಯಿತು. ಆಯುಧಪೂಜೆಯ ದಿನ ಬೆಳಿಗ್ಗೆ ಕೊನೆಯ ಎರಡು, ವರದಾ ಮತ್ತು ಚಕ್ರಾ, ದೊಡ್ಡ ಅಪ್‌ಡೇಟ್ ನುಂಗುತ್ತ ಕೂತಿದ್ದವು. ಪೂಜೆಗೆ ಅಂದ ಬರಲೆಂದು ಜಗದಾಂಬಾ ಪರದೆಗಳನ್ನಷ್ಟೇ ಆರಿಸಿ, ಒಂಬತ್ತಕ್ಕೂ ಗಂಧ ಕುಂಕುಮ ಇಟ್ಟು, ಸೇವಂತಿಗೆ ಹಾಕಿ, ಕೋಸಂಬರಿಗೆ ಒಗ್ಗರಣೆ ಕೊಡಲು ಒಳಗೆ ಹೋದರು.

ಅವರ ಗಂಡ ರುದ್ರೇಶ್ ಊರಿನ ಕಾರ್ಖಾನೆಯಲ್ಲಿ, ಅದು ಬಾಗಿಲು ಹಾಕುವವರೆಗೆ, ಮೂವತ್ತೊಂದು ವರ್ಷ ಎಲೆಕ್ಟ್ರಿಶಿಯನ್ ಆಗಿದ್ದವರು. ಅವರ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಮಂಗಳಾರತಿ ಎತ್ತುವ ಮುಂಚೆ ಮೇನ್ ಸ್ವಿಚ್ ಇಳಿಸಬೇಕು, ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾವ ಯಂತ್ರವನ್ನೂ ಮುಟ್ಟಬಾರದು. ಕಾರ್ಖಾನೆ ಬಿಟ್ಟರೂ ಪದ್ಧತಿ ಬಿಡದ ಮನುಷ್ಯ. ಚಪ್ಪಲಿ ಬಿಟ್ಟು, ಕಣ್ಣಿಗೊತ್ತಿಕೊಂಡು, ಮೇನ್ ಇಳಿಸಿದರು. ಯುಪಿಎಸ್ಸನ್ನೂ ಬಿಡಲಿಲ್ಲ, ಅದೂ ಆಯುಧವೇ ಅಲ್ಲವೇ.

ಒಗ್ಗರಣೆ ಸೌಟು ಹಿಡಿದೇ ಜಗದಾಂಬಾ ಓಡಿಬಂದರು. "ರೀ, ಏನ್ ಮಾಡಿದ್ರೀ?"

"ಏನ್ ಮಾಡ್ದೆ? ಮಂಗಳಾರತಿ ಹೊತ್ತಿಗೆ ಆಯುಧಕ್ಕೆ ವಿಶ್ರಾಂತಿ ಕೊಡ್ಬೇಕಲ್ಲ ಮಾರಾಯ್ತಿ."

"ವರದಾ, ಚಕ್ರಾ ಒಳಗೆ ಕೆಲಸ ನಡೀತಿತ್ತು ಕಣ್ರೀ! ಅರ್ಧಕ್ಕೆ ಕುತ್ತಿಗೆ ಹಿಚುಕಿಬಿಟ್ರಲ್ಲ!"

ರುದ್ರೇಶ್ ಬಿಳಿಚಿಕೊಂಡರು. ನಾಳೆಯವರೆಗೆ ಮುಟ್ಟಬಾರದು ಎಂದು ಗೊಣಗಿದರು. ಜಗದಾಂಬಾ ದೇವಿಯ ಪಟದ ಕಡೆ ತಿರುಗಿ, "ನನ್ನ ಮೇಲೆ ಸಿಟ್ಟಿದ್ರೆ ಆಮೇಲೆ ತೋರ್ಸು ತಾಯಿ" ಎಂದು ಕೈಮುಗಿದು ಮೇನ್ ಎತ್ತಿದರು. ಏಳು ಯಂತ್ರ ಎದ್ದವು. ವರದಾ, ಚಕ್ರಾ ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಟುಕಿಸುತ್ತ ನಿಂತವು. ಉಳಿದದ್ದು ಏಳು, ಸುತ್ತೋಲೆ ಕೇಳಿದ್ದು ಎಂಟು. ಒಂದು ಯಂತ್ರ ಕಡಿಮೆಯಾದರೆ ಸಾಕು, ನಲವತ್ತಾರು ಹುಡುಗಿಯರ ಪರೀಕ್ಷೆ ಶಿವಮೊಗ್ಗಕ್ಕೆ ಹೋಗುತ್ತದೆ. ಅವರಲ್ಲಿ ಅರ್ಧ ಜನ ಹೋಗುವುದೇ ಇಲ್ಲ. ಆ ಸಂಜೆ ರುದ್ರೇಶ್ ಊಟ ಮಾಡಲಿಲ್ಲ. ಜಗದಾಂಬಾ ಮಾಡಿದರು, ಬೈಯುವುದಕ್ಕೆ ಶಕ್ತಿ ಬೇಕು ಎಂದು ಹೇಳಿಯೇ ಮಾಡಿದರು.

ದಸರಾ ಮುಗಿದ ಮರುದಿನ ವರದಾಳ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು. ಒಣಗಿದ ಸೇವಂತಿಗೆ ಇನ್ನೂ ಅದರ ಮೇಲೇ ಇತ್ತು. ನೆಹರೂ ರಸ್ತೆಯಲ್ಲಿ ಸುದೀಪ್ ಎಂಬುವನ ಕಂಪ್ಯೂಟರ್ ಅಂಗಡಿ. ಅವನ ಅಕ್ಕ ಇವರ ಹತ್ತಿರವೇ ಟೈಪಿಂಗ್ ಕಲಿತವಳು, ಆ ಸಲಿಗೆ. ಸುದೀಪ್ ಪೆಟ್ಟಿಗೆ ನೋಡಿ ನಕ್ಕ.

"ಮೇಡಂ, ಇದಕ್ಕೆ ಪೂಜೆ ಮಾಡಿದ್ದು ಸರಿಯಾಯ್ತು. ತಿಥಿ ಕಾರ್ಯನೂ ಮುಗಿಸಿಬಿಡಿ. ಇದಕ್ಕೆ ಹನ್ನೊಂದು ಕೂರಲ್ಲ."

"ನಾನು ಹನ್ನೊಂದು ಕೂರ್ಸು ಅಂದ್ನಾ? ಹತ್ತನ್ನೇ ಮತ್ತೆ ಕೂರ್ಸು."

"ಹತ್ತು ಸತ್ತೋಗ್ತಿದೆ ಮೇಡಂ, ಇನ್ನು ಹನ್ನೊಂದು ದಿನ ಅಷ್ಟೇ."

"ಸಾಯಲ್ಲ. ಹೆಸರು ಬರ್ಸಿದ್ರೆ ಇನ್ನೊಂದು ವರ್ಷ ಸೆಕ್ಯೂರಿಟಿ ಬರುತ್ತೆ. ನಿನ್ ಅಂಗಡೀಲಿ ಯಾರಿಗಾದ್ರೂ ಇದನ್ನ ಹೇಳಿದ್ದೀಯಾ ನೀನು?"

ಸುದೀಪ್ ಹೇಳಿರಲಿಲ್ಲ. ಹೊಸದನ್ನು ಮಾರುವವನು ಹಳೆಯದು ಬದುಕುತ್ತದೆಂದು ಏಕೆ ಹೇಳುತ್ತಾನೆ? ಟೈಮಿಲ್ಲ, ನಾಳೆ ಬನ್ನಿ ಎಂದು ಜಾರಿಕೊಳ್ಳಲು ನೋಡಿದ. ಜಗದಾಂಬಾ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ನೋಟ್‌ಬುಕ್ ತೆಗೆದರು. ಒಂದು ಗಂಟೆ ಕಳೆಯಿತು, ಎರಡು ಕಳೆಯಿತು. ಬಂದ ಗಿರಾಕಿಗಳಿಗೆಲ್ಲ, "ನಿಮ್ದು ಹತ್ತಾ? ಅಪ್‌ಡೇಟ್ ಹಾಕ್ಸಿದ್ದೀರಾ?" ಎಂದು ವಿಚಾರಿಸತೊಡಗಿದ ಮೇಲೆ ಸುದೀಪ್ ಕೈಮುಗಿದ. ಒಂದು ಪೆನ್‌ಡ್ರೈವ್ ತೆಗೆದು, ವರದಾಳಿಗೆ ಮೊದಲಿನಿಂದ ಎಲ್ಲ ಹಾಕಿಕೊಟ್ಟ. ಜಗದಾಂಬಾ ಪ್ರತಿ ಹೆಜ್ಜೆಯನ್ನೂ ಬರೆದುಕೊಂಡರು. ಊರಿಗೆ ಬಂದು, ಅವನಿಂದ ತಂದ ಪೆನ್‌ಡ್ರೈವ್ ಚುಚ್ಚಿ, ಚಕ್ರಾಳನ್ನು ತಾವೇ ಎಬ್ಬಿಸಿದರು. ಮೂರು ಸಲ ತಪ್ಪಿತು, ನಾಲ್ಕನೆಯ ಸಲ ಎದ್ದಳು. ರುದ್ರೇಶ್ ಮೇನ್ ಸ್ವಿಚ್ಚಿನ ಮೇಲೆ ಹೊಸ ಬೋರ್ಡ್ ಬರೆದು ಅಂಟಿಸಿದರು: "ನನ್ನನ್ನೂ ಸೇರಿ ಯಾರೂ ಮುಟ್ಟಬಾರದು."

ಒಂಬತ್ತರ ಹೆಸರೂ ನೋಂದಣಿಯಾಯಿತು. ಅಪ್‌ಡೇಟ್ ಹೊರಬರುವುದು ತಿಂಗಳ ಎರಡನೇ ಮಂಗಳವಾರ. ನಮ್ಮ ಕಡೆಗೆ ತಲುಪುವ ಹೊತ್ತಿಗೆ ಬುಧವಾರದ ಬೆಳಗು. ಆ ಬುಧವಾರ ಕ್ಲಾಸಿಲ್ಲ. ಪ್ರತಿ ಯಂತ್ರದ ಮುಂದೆ ಒಬ್ಬಳು ಕೂತು, ಅಪ್‌ಡೇಟ್ ಇಳಿಸಿ, ಆಫ್ ಮಾಡಿ, ಆನ್ ಮಾಡಿ, ದಿನಾಂಕ ನೋಡಿ, ಗೋಡೆಯ ಪಟ್ಟಿಯಲ್ಲಿ ಬರೆಯಬೇಕು. ಅಕ್ಟೋಬರ್ ಹದಿನೈದರಂದು ಮೊದಲ ಸಲ ಹೀಗೆ ಮಾಡಿದಾಗ ದೀಪಾವಳಿಗೆ ಇನ್ನೇನು ನಾಲ್ಕೈದು ದಿನವಿತ್ತು. "ಮೇಡಂ ನಮಗಿಂತ ಮೊದಲು ಇವಕ್ಕೆ ಎಣ್ಣೆನೀರು ಹಾಕ್ತಿದ್ದಾರೆ" ಎಂದಳು ಲಿಖಿತಾ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ದಿನಕ್ಕೆ ಎರಡೇ ಗಂಟೆ ಬಿಡುವು ಮಾಡಿಕೊಂಡು ಬರುವವಳು ಆಕೆ. ಪರೀಕ್ಷೆ ಬೇರೆ ಊರಿಗೆ ಹೋದರೆ ಅವಳ ಕಲಿಕೆ ಅಲ್ಲಿಗೆ ಮುಗಿಯಿತು. ಅಂದಿನಿಂದ ಅದು ಎಣ್ಣೆನೀರಿನ ಬುಧವಾರವೇ ಆಯಿತು.

ನವೆಂಬರಿನ ಎಣ್ಣೆನೀರು ಬಿದ್ದದ್ದು ಹನ್ನೆರಡನೇ ತಾರೀಖು. ನೋಂದಣಿಯಾದ ಯಂತ್ರಗಳಿಗಷ್ಟೇ ಬರುವ ಮೊದಲ ಅಪ್‌ಡೇಟ್ ಅದು. ಎಲ್ಲ ಪರದೆಗಳ ಮೇಲೂ ಚುಕ್ಕೆಗಳು ಸುತ್ತುತ್ತಿರುವ ಹೊತ್ತಿಗೆ ಸರಿಯಾಗಿ, ಯಾವ ಮುನ್ಸೂಚನೆಯೂ ಇಲ್ಲದೆ, ಶಿವಮೊಗ್ಗದಿಂದ ತಪಾಸಣಾಧಿಕಾರಿ ರೇಣುಕಾಪ್ರಸಾದ್ ಬಂದಿಳಿದರು.

ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. ಒಂದೇ ದಿನ ಐದು ಕೇಂದ್ರ ನೋಡಬೇಕಿತ್ತು. ಬಾಗಿಲಲ್ಲೇ ನಿಂತು, "ಒಂದು ಮೆಷಿನ್ನೂ ನಡೀತಿಲ್ವಲ್ಲ ಮೇಡಂ" ಎಂದರು.

"ನಡೀತಿವೆ ಸಾರ್. ಸ್ನಾನಕ್ಕೆ ಕೂತಿವೆ. ಅರ್ಧ ಗಂಟೆ ಕೂತ್ಕೊಳ್ಳಿ, ಕಾಫಿ ತರ್ತೀನಿ."

"ವಿಂಡೋಸ್ ಯಾವುದು?"

"ಹತ್ತು."

"ಹತ್ತು ಮುಗಿದೋಯ್ತಲ್ಲ ಮೇಡಂ. ಹಳೇದು ಅಂತ ಟಿಕ್ ಹಾಕಿ ಹೋಗ್ತೀನಿ. ನನ್ನ ಕೈಲೇನಿಲ್ಲ."

ಜಗದಾಂಬಾ ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿದರು. ಬಲ್ಲವರು ಆಗಲೇ ಗೋಡೆಗೆ ಒರಗುತ್ತಿದ್ದರು. "ಸಾರ್, ನಿಮ್ಮ ಸುತ್ತೋಲೆ ನನಗೆ ಬಾಯಿಪಾಠ. ಅದರಲ್ಲಿ ಹೊಸದಿರಬೇಕು ಅಂತ ಎಲ್ಲಿದೆ ತೋರ್ಸಿ. ಭದ್ರತಾ ಅಪ್‌ಡೇಟ್ ಪಡೆಯುತ್ತಿರತಕ್ಕದ್ದು ಅಂತಿದೆ. ಪಡೀತಿವೆ, ನಿಮ್ಮ ಕಣ್ಣೆದುರಿಗೇ ಪಡೀತಿವೆ. ಗೋಡೆ ಮೇಲೆ ಪಟ್ಟಿ ಇದೆ, ದಿನಾಂಕ ನೋಡಿ. ಆಮೇಲೆ ಮೆಷಿನ್ನಲ್ಲೂ ನೋಡಿ, ನಾನು ಬರ್ದಿದ್ದು ಸುಳ್ಳಾ ಅಂತ."

ರೇಣುಕಾಪ್ರಸಾದ್ ವಾದಕ್ಕೆ ಹೋಗದೆ ತಮ್ಮ ಇಲಾಖೆಯ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟರು. ವರದಿಯನ್ನು ಸ್ಥಳದಲ್ಲೇ ಆನ್‌ಲೈನಿನಲ್ಲಿ ತುಂಬಬೇಕಿತ್ತು. "ವೈಫೈ ಪಾಸ್‌ವರ್ಡ್ ಹೇಳಿ."

"ಹೇಳ್ತೀನಿ. ಮೊದಲು ಇದರ ಅಪ್‌ಡೇಟ್ ಯಾವತ್ತಿಂದು ನೋಡ್ಬೇಕು."

"ಏನು?"

"ಸುತ್ತೋಲೆಯ ಎರಡನೇ ಪುಟ, ಏಳನೇ ಅಂಶ. ಭದ್ರತಾ ಅಪ್‌ಡೇಟ್ ಪಡೆಯದ ಯಾವುದೇ ಸಾಧನವನ್ನು ಕೇಂದ್ರದ ನೆಟ್‌ವರ್ಕಿಗೆ ಜೋಡಿಸತಕ್ಕದ್ದಲ್ಲ. ಕೆಳಗೆ ನಿಮ್ಮ ಮಂಡಳಿಯ ಸಹಿಯೇ ಇದೆ ಸಾರ್."

ಒಂಬತ್ತು ಹುಡುಗಿಯರೂ ಪರದೆ ಬಿಟ್ಟು ಇತ್ತ ತಿರುಗಿದರು. ಮಾನ್ಯತೆ ಕೊಡಲು ಬಂದವರ ಜೊತೆ ಹೀಗೆ ಮಾತಾಡುವುದುಂಟೇ ಎಂದು ರುದ್ರೇಶ್ ಒಳಬಾಗಿಲಿನಿಂದ ಕೈಸನ್ನೆ ಮಾಡಿದರು. ಜಗದಾಂಬಾ ಅತ್ತ ನೋಡಲಿಲ್ಲ. ಅಧಿಕಾರಿ ಸಿಟ್ಟಿನಿಂದಲೇ ಲ್ಯಾಪ್‌ಟಾಪಿನಲ್ಲಿ ಹುಡುಕಿ ತೋರಿಸಿದರು. ಕೊನೆಯ ಅಪ್‌ಡೇಟ್ ಬಿದ್ದು ಎರಡು ವರ್ಷ ದಾಟಿತ್ತು.

"ನನ್ನನ್ನೇ ತಪಾಸಣೆ ಮಾಡ್ತೀರಾ ಮೇಡಂ? ನಾನು ಮನಸ್ಸು ಮಾಡಿದ್ರೆ ಈ ಸೆಂಟರ್ ಇವತ್ತೇ ಹೋಗುತ್ತೆ, ಗೊತ್ತಾ?"

"ಗೊತ್ತು. ಅದಕ್ಕೇ ಹೆದರಿ ಪಾಸ್‌ವರ್ಡ್ ಕೊಟ್ಟೆ ಅಂದ್ಕೊಳ್ಳಿ. ನಾಳೆ ಈ ಲ್ಯಾಪ್‌ಟಾಪಿಂದ ಏನಾದ್ರೂ ಬಂದು ನನ್ನ ಮೆಷಿನ್ನು ಕೆಟ್ರೆ, ಆಗ ನೀವೇ ಬಂದು ಬೀಗ ಹಾಕ್ತೀರಿ. ಹೇಗೂ ಸೆಂಟರ್ ಹೋಗೋದೇ ಆದ್ರೆ, ನಾನು ಸರಿಯಾಗಿ ನಡ್ಕೊಂಡ ಮೇಲೇ ಹೋಗ್ಲಿ."

ಅವರ ದನಿ ಗಟ್ಟಿಯಾಗಿತ್ತು. ಹನ್ನೊಂದು ವರ್ಷದ ಅರ್ಜಿಗಳು ಆ ಒಂದು ಮಾತಿನ ಮೇಲೆ ನಿಂತಿದ್ದವು, ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ರೇಣುಕಾಪ್ರಸಾದ್ ತಮ್ಮ ಮೊಬೈಲಿನಿಂದ ನೆಟ್ ಕೊಟ್ಟು ನೋಡಿದರು. ಆ ಕೋಣೆಯಲ್ಲಿ ಸಿಗ್ನಲ್ ಬರುವುದಿಲ್ಲ. ಅಂಗಳಕ್ಕೆ ಹೋದರು, ಅಲ್ಲೂ ಇಲ್ಲವೆಂದು ಬಂದರು. ಅಷ್ಟರಲ್ಲಿ ಭದ್ರಾ ಎದ್ದಳು. ಎಲ್ಲ ಅಪ್‌ಡೇಟ್ ಆಗಿದೆ ಎಂಬ ಹಸಿರು ಗುರುತು, ಪಕ್ಕದಲ್ಲಿ ಇಂದಿನ ದಿನಾಂಕ.

"ಇಲ್ಲಿ ಕೂತು ಬರೀರಿ ಸಾರ್," ಎಂದರು ಜಗದಾಂಬಾ. "ಅನರ್ಹ ಅಂತ ಬರೆಯೋದಿದ್ರೂ ಈ ಮೆಷಿನ್ನಲ್ಲೇ ಬರೀರಿ. ನಾನು ತಡೆಯಲ್ಲ."

ಅವರು ಕೂತರು. ಎರಡು ಬೆರಳಿನಲ್ಲಿ ಕನ್ನಡ ಹುಡುಕುತ್ತ ಒಂದು ಸಾಲಿಗೆ ಐದು ನಿಮಿಷ ತೆಗೆದುಕೊಂಡರು. ಕೊನೆಗೆ ಬೇಸತ್ತು ಲಿಖಿತಾಳನ್ನು ಕರೆದು, ತಾವು ಹೇಳುತ್ತ ಹೋದರು. ಅವಳು ಪರದೆಯ ಮೇಲೆ ಕಣ್ಣಿಟ್ಟು, ಬೆರಳ ಕಡೆ ನೋಡದೆ, ಅವರ ಮಾತು ಮುಗಿಯುವ ಮುಂಚೆ ಬೆರಳಚ್ಚು ಮುಗಿಸುತ್ತಿದ್ದಳು. "ಯಂತ್ರಗಳು ಹಳೆಯವಾಗಿವೆ" ಎಂದರು. ಅದನ್ನೂ ಹಾಗೆಯೇ ಹೊಡೆದಳು, ಒಂದು ಅಕ್ಷರ ತಪ್ಪದೆ.

"ಮುಂದೆ ಸಾರ್?"

ರೇಣುಕಾಪ್ರಸಾದ್ ಒಂದೊಂದೇ ಯಂತ್ರದ ಹತ್ತಿರ ಹೋಗಿ ದಿನಾಂಕ ನೋಡಿಕೊಂಡು ಬಂದರು. ಒಂಬತ್ತಕ್ಕೆ ಒಂಬತ್ತೂ ಪಟ್ಟಿಗೆ ಸರಿಯಾಗಿದ್ದವು. "ಹಾಕಮ್ಮ," ಎಂದರು, "ಆದಾಗ್ಯೂ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುತ್ತಿರುವುದರಿಂದ ಒಂದು ವರ್ಷದ ಅವಧಿಗೆ ಮಾನ್ಯತೆ ಮುಂದುವರಿಸಬಹುದಾಗಿದೆ."

ಹುಡುಗಿಯರು ಗದ್ದಲವೆಬ್ಬಿಸಲಿಲ್ಲ, ಮೇಡಂ ಇದ್ದಾಗ ಎಬ್ಬಿಸುವಂತಿಲ್ಲ. ಲಿಖಿತಾಳ ಕಣ್ಣು ತುಂಬಿತು, ಬೆರಳು ನಿಲ್ಲಲಿಲ್ಲ.

ಹೊರಡುವಾಗ ಅಧಿಕಾರಿ ಬಾಗಿಲಲ್ಲಿ ನಿಂತರು. ಸಿಟ್ಟು ಇಳಿದಿತ್ತು, ನಿಜವಾದ ಅನುಮಾನವೇ ದನಿಯಲ್ಲಿತ್ತು. "ಮೇಡಂ, ಒಂದು ವರ್ಷ ಸರಿ, ಎರಡು ಪರೀಕ್ಷೆ ಮುಗಿಸ್ತೀರಿ. ಮುಂದಿನ ಅಕ್ಟೋಬರಿಗೆ ಕಂಪನಿನೇ ಪೂರ್ತಿ ಕೈಬಿಟ್ರೆ ಏನ್ ಮಾಡ್ತೀರಿ?"

"ಇನ್ನೇನೋ ಕಲೀತೀನಿ," ಎಂದರು ಜಗದಾಂಬಾ. "ಪುಕ್ಕಟೆ ಸಿಗೋ ಬೇರೆ ಸಿಸ್ಟಮ್ ಇವೆಯಂತೆ, ಹಳೇ ಮೆಷಿನ್ನಿಗೂ ಕೂರ್ತವಂತೆ. ಕಂಪನಿ ಕೈಬಿಟ್ಟ ಮೇಲೆ ಬದುಕೋದು ಹೇಗೆ ಅಂತ ಭದ್ರಾವತಿಯವರನ್ನ ಕೇಳ್ತೀರಲ್ಲ ಸಾರ್. ನಮ್ಮ ಮನೆಯವರ ಕಾರ್ಖಾನೆ ಬಾಗಿಲು ಹಾಕಿತು, ಈ ಲಿಖಿತಾಳ ಮಾವನದ್ದೂ ಹಾಕಿತು. ಅವತ್ತೂ ಊರಿನವರಿಗೆ ಎಲ್ಲರೂ ಇದನ್ನೇ ಹೇಳಿದ್ರು, ಮುಗೀತು ನಿಮ್ದು ಅಂತ. ಬೀದೀಲಿ ನಡ್ಕೊಂಡು ಹೋಗ್ತೀರಲ್ಲ ಈಗ, ಯಾವ ಮನೇಲಿ ಒಲೆ ಹಚ್ಚಿಲ್ಲ, ನೋಡ್ಕೊಂಡು ಹೋಗಿ."

ರೇಣುಕಾಪ್ರಸಾದ್ ಗೇಟು ದಾಟಿ, ಜೀಪಿದ್ದ ತಿರುವಿನವರೆಗೆ, ಎರಡೂ ಬದಿಯ ಮನೆಗಳನ್ನು ನೋಡುತ್ತಲೇ ನಡೆದರು.